ಬೆಳಿಗ್ಗೆ ಲ್ಯಾಬು, ಮಧ್ಯಾಹ್ನ ಕಾನೂನು

ಫರೀದಾಬಾದ್
5 ಆಗಸ್ಟ್ 2008

ಪ್ರೀತಿಯ ಅಮ್ಮ,

ಮನೆಗೆ ಬರೆದರೆ ಅಪ್ಪನೇ ಲಕೋಟೆ ಒಡೆಯುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕುಳಿತಿರುತ್ತಾರೆ. ಅದಕ್ಕೇ ನಿನ್ನ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಒಬ್ಬಳೇ ಇರುವಾಗ ಓದು.

ಹೋದ ವಾರದ ಜಗಳ ಇನ್ನೂ ಮನಸ್ಸಿನಲ್ಲಿದೆ. ಅಪ್ಪನ ಎರಡೂ ಕಿಡ್ನಿ ಕೆಟ್ಟಿವೆ, ಬರೀ ಡಯಾಲಿಸಿಸ್ ನಂಬಿಕೊಂಡು ಇನ್ನು ಹೆಚ್ಚು ದಿನ ಕೂರುವ ಹಾಗಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ನಿನಗೆ ಸಕ್ಕರೆ ಕಾಯಿಲೆ, ನೀನು ಕಿಡ್ನಿ ಕೊಡುವಂತಿಲ್ಲ. ನಾನು ಕೊಡುತ್ತೇನೆ ಎಂದರೆ, ಮದುವೆಯಾಗದ ಹುಡುಗಿ, ಹೊಟ್ಟೆಯ ಮೇಲೆ ಕೊಯ್ದ ಗುರುತಿದ್ದರೆ ಯಾರು ಮಾಡಿಕೊಳ್ಳುತ್ತಾರೆ ಎಂದು ನೀನು ಹಟ ಹಿಡಿದೆ. ಇನ್ನೂ ಹುಟ್ಟಿಕೊಳ್ಳದ ಅಳಿಯ ನಿನಗೆ ಗಂಡನಿಗಿಂತ ಹೆಚ್ಚಾದನೇ ಎಂದು ಕೂಗಿ ನಾನು ಬಸ್ಸು ಹತ್ತಿದೆ.

ನೀನು ಸೈನ್ಸ್ ಓದು ಎಂದೆ, ಅಪ್ಪ ವಕೀಲೆಯಾಗು ಎಂದರು. ಇಬ್ಬರ ಮಾತೂ ನಡೆಯಲಿ ಎಂದು ಎರಡೂ ಕೂಡಿದ ಈ ಐದು ವರ್ಷದ ಡಿಗ್ರಿಗೆ ಸೇರಿದೆ. ನಮ್ಮ ಜನಕಪುರಿಯ ತರಕಾರಿ ಭಯ್ಯಾನಿಗೆ ಅಪ್ಪ ನನ್ನನ್ನು ತೋರಿಸಿ, ಆಧೀ ಸೈಂಟಿಸ್ಟ್, ಆಧೀ ವಕೀಲ್, ಅರ್ಧ ಅದು ಅರ್ಧ ಇದು ಎಂದು ಬೀಗುತ್ತಾರಲ್ಲ. ಬೇರೆ ಏನನ್ನಾದರೂ ಓದಿದ್ದರೆ ಈ ಪತ್ರ ಬರೆಯುವ ಕಷ್ಟ ಇರುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಲ್ಯಾಬಿನಲ್ಲಿ ಉಷಾ ಮೇಡಂ ನಮ್ಮ ನಮ್ಮ ರಕ್ತದ ಗುಂಪು ನೋಡಿಕೊಳ್ಳಲು ಹೇಳಿದರು. ಬೆರಳು ಚುಚ್ಚಿ ಗಾಜಿನ ಮೇಲೆ ಹನಿ ಬಿಟ್ಟೆ. ಓ ಬಂತು. ಎಷ್ಟು ಖುಷಿಯಾಯಿತು ಗೊತ್ತಾ! ಅಪ್ಪನ ಫೈಲಿನಲ್ಲಿ ಎಬಿ ಎಂದಿದೆ, ಓ ಗುಂಪಿನವರು ಎಬಿಯವರಿಗೆ ಕೊಡಬಹುದು. ಆಮೇಲೆ ಮೇಡಂ ಯಾವ ತಂದೆತಾಯಿಗೆ ಯಾವ ಗುಂಪಿನ ಮಕ್ಕಳು ಎಂದು ಬೋರ್ಡಿನ ಮೇಲೆ ಬರೆದರು. ಎಬಿ ತಂದೆಗೆ ಓ ಮಗು ಹುಟ್ಟುವುದಿಲ್ಲ. ಇನ್ನೊಂದು ಬೆರಳು ಚುಚ್ಚಿ ನೋಡಿದೆ. ಅದೇ ಬಂತು.

ಮಧ್ಯಾಹ್ನ ಗೋಪಿನಾಥ ಸರ್ ಸಾಕ್ಷ್ಯ ಕಾಯಿದೆ ಪಾಠ ಮಾಡಿದರು. ಮದುವೆ ಇರುವಾಗ ಹುಟ್ಟಿದ ಮಗು ಗಂಡನದೇ. ಗಂಡ ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸದ ಹೊರತು ಕಾನೂನು ಬೇರೆ ಮಾತು ಕೇಳುವುದಿಲ್ಲ ಎಂದರು. ಪಕ್ಕದಲ್ಲಿದ್ದ ವೈಜಯಂತಿ ಯಾಕೆ ಅಳುತ್ತೀಯ ಎಂದಳು. ನೆಗಡಿ ಎಂದೆ.

ಅಮ್ಮ, ನಿನ್ನ ಹಟದ ಕಾರಣ ಈಗ ತಿಳಿಯಿತು. ಆಸ್ಪತ್ರೆಯವರು ನಾನು ಸ್ವಂತ ಮಗಳು ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುತ್ತಾರೆ, ಬಂದದ್ದನ್ನು ಅಪ್ಪನಿಗೂ ಹೇಳುತ್ತಾರೆ. ನೀನು ಹೆದರಿದ್ದು ಅದಕ್ಕೆ. ಯಾರು, ಯಾವಾಗ ಎಂದು ನಾನು ಕೇಳುವುದಿಲ್ಲ. ಕೋಪ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೋಪಕ್ಕಿಂತ ಭಯವೇ ಹೆಚ್ಚು. ನೀರು ಕುಡಿಯುವಂತಿಲ್ಲವೆಂದು ಅಪ್ಪ ಈ ಸೆಖೆಯಲ್ಲಿ ಐಸ್ ತುಂಡು ಚೀಪುತ್ತಾ ಕೂರುವುದನ್ನು ನೆನೆದರೆ ಸಂಕಟವಾಗುತ್ತದೆ. ನೀನು ಹೂಂ ಅನ್ನದೆ ನಾನು ಪರೀಕ್ಷೆಗೆ ಹೋಗುವುದಿಲ್ಲ. ಬೇಗ ಹೂಂ ಅನ್ನು.

ನಿನ್ನ ಮಗಳು,
ಅಮೂಲ್ಯ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಅಪ್ಪನ ಫೋನ್ ಬಂತು. ನೀನು ಔಷಧಿ ತರಲು ಹೋಗಿದ್ದೆಯಂತೆ. ಟೆಸ್ಟಿಗೆ ಬರಬೇಡ ಪುಟ್ಟಿ ಎಂದರು. ಯಾಕೆ ಎಂದು ಪಟ್ಟು ಹಿಡಿದು ಕೇಳಿದೆ. ಚಿಕ್ಕಂದಿನಲ್ಲಿ ನನಗೆ ಡೆಂಗ್ಯೂ ಬಂದಾಗ ಅಪ್ಪ ರಕ್ತ ಕೊಡಲು ಹೋಗಿದ್ದರಂತೆ. ನಿಮ್ಮ ರಕ್ತ ಈ ಮಗುವಿಗೆ ಆಗುವುದಿಲ್ಲ ಎಂದ ಡಾಕ್ಟರು, ಸ್ವಂತ ಮಗಳೇ ಎಂದೂ ಕೇಳಿದರಂತೆ. ಅಪ್ಪ ಹೌದು ಎಂದರಂತೆ. ಅಂದಿನಿಂದಲೂ ಅವರಿಗೆ ಗೊತ್ತು. ನನಗೆ ಗೊತ್ತಿರೋದು ನಿಮ್ಮಮ್ಮ ಸರಳಾಗೆ ತಿಳಿದರೆ ಅವಳು ಮತ್ತೆ ನನ್ನ ಮುಖ ನೋಡೋಲ್ಲ, ಅದಕ್ಕಿಂತ ನಾನು ಹೋಗೋದೇ ವಾಸಿ ಎಂದರು. ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಹೇಳಿಬಿಟ್ಟಿದ್ದೇನೆ. ಇನ್ನು ನಿನ್ನ ಹೂಂಗೆ ಕಾಯುವುದಿಲ್ಲ, ಸೋಮವಾರ ನೇರವಾಗಿ ಆಸ್ಪತ್ರೆಗೆ ಬರುತ್ತೇನೆ. ಅಷ್ಟರೊಳಗೆ ಒಮ್ಮೆ ಅಪ್ಪನ ಮುಖ ನೋಡಮ್ಮ.