ಹಾಲಿಗೆ ಹಳಸುವುದುಂಟೇ

ದೇವರಾಜ ಅರಸು ಬಡಾವಣೆ, ದಾವಣಗೆರೆ
೨೩-೪-೧೯೯೮, ಸಂಜೆ ನಾಲ್ಕೂವರೆ

ಪ್ರೀತಿಯ ಅವ್ವಾ,

ಕುದಿಯುವ ನೀರಿನಲ್ಲಿ ಹಾಲಿನ ಬಾಟಲಿ ಪಾತ್ರೆಗೆ ಬಡಿಯುವ ಸದ್ದಿಗೆ ಈಗಷ್ಟೇ ಎಚ್ಚರವಾಯಿತು. ರಾತ್ರಿಯೆಲ್ಲ ನಿದ್ದೆಯಿಲ್ಲ, ಗೋಡೆಗೆ ಒರಗಿದಲ್ಲೇ ಕಣ್ಣು ಮುಚ್ಚಿತ್ತು. ನಿನ್ನ ಮೊಣಕಾಲಿನ ಬಾವು ಇಳಿಯಿತೇ? ಹರಿಹರದಲ್ಲೂ ಇಷ್ಟೇ ಸೆಕೆಯೇ? ನೀರು ಹೊರುವುದನ್ನು ಅಪ್ಪನಿಗೆ ಬಿಡು.

ನಿನ್ನೆ ಕೂಸನ್ನು ಅತ್ತೆಯ ಬಳಿ ಬಿಟ್ಟು ಬಾತಿಗೆ, ಗೆಳತಿಯ ಸೀಮಂತಕ್ಕೆ ಹೋಗಿದ್ದೆ. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದರೆ ಅಂಕಿತಾಳ ಅಳು ಬೀದಿಗೇ ಕೇಳುತ್ತಿತ್ತು. ಬಿಸಿಲಿನಿಂದ ಬಂದ ತಾಯಿ ಮೊದಲು ನಾಲ್ಕು ಹನಿ ಹಿಂಡಿ ಚೆಲ್ಲಿಯೇ ಕುಡಿಸಬೇಕೆಂಬುದನ್ನು ಮರೆತು ಹಾಗೇ ಎದೆಗೆ ಹಾಕಿಕೊಂಡೆ. ರಾತ್ರಿ ಕೂಸು ಕುಡಿದದ್ದನ್ನೆಲ್ಲ ಕಕ್ಕಿತು, ಮೊಸರಿನಂತೆ ಗಡ್ಡೆಗಡ್ಡೆ. ಅತ್ತೆ ಬಗ್ಗಿ ಮೂಸಿ ನೋಡಿ, "ಹಿಂಡಿ ಚೆಲ್ಲದಂಗೆ ಕುಡಿಸಿದ್ಯಲ್ಲವ್ವ, ನಿನ್ನ ಹಾಲು ಹಳಸೈತೆ" ಅಂದರು. ಬೈಯಲಿಲ್ಲ, ಮೆಲ್ಲಗೇ ಅಂದರು. ಅದಕ್ಕೇ ಎದುರಾಡಲಾಗಲಿಲ್ಲ.

ಹಳಸುವುದು ಅನ್ನ, ಸಾರು ಅಲ್ಲವೇ ಅವ್ವಾ? ಹಾಲು ಒಡೆಯುತ್ತದೆ, ಮೊಸರು ಹುಳಿಯಾಗುತ್ತದೆ, ಹಿಟ್ಟು ಮುಗ್ಗುತ್ತದೆ. ಅನ್ನದ ಪಾತ್ರೆಗೆ ಬೆರಳಿಟ್ಟು ನೀನು ಹೇಳುತ್ತಿದ್ದೆ: "ಎಳೆ ಬಂದ್ರೆ ಹಳಸಿದ್ದು, ಎಮ್ಮಿಗೆ ಹಾಕು. ಬರೀ ತಂಗಳಾದ್ರೆ ಒಗ್ಗರಣಿ ಕೊಡು." ಸ್ನೇಹವೂ ಹಳಸುತ್ತದೆಂದು ಕಾಲೇಜಿನ ಕನ್ನಡ ಪರೀಕ್ಷೆಯಲ್ಲಿ ಬರೆದು ಶಭಾಷ್ ಅನ್ನಿಸಿಕೊಂಡವಳು ನಾನು. ಉಸಿರಾಡುವ ಮೈಗೂ ಆ ಮಾತು ಹತ್ತೀತೆಂದು ಮಾತ್ರ ಗೊತ್ತಿರಲಿಲ್ಲ.

ಇವರಿಗೆ ಹೇಳಿದರೆ, ನಮ್ಮವ್ವ ನಾಲ್ಕು ಮಕ್ಕಳನ್ನು ಸಾಕಿದವಳು, ನಿನಗಿಂತ ಅವಳಿಗೆ ಗೊತ್ತು ಎಂದು ಇಲ್ಲೇ ಊರಂಚಿನ ಕರೂರಿನ ಕಾರ್ಖಾನೆಗೆ ಹೊರಟುಹೋದರು. ಅತ್ತೆ ಆಗಲೇ ಬಾಟಲಿ ಕುದಿಸುತ್ತಿದ್ದಾರೆ, ನಾಳೆ ಬೆಳಿಗ್ಗೆಯಿಂದ ಡಬ್ಬಿಹಾಲು ಶುರು. ಒಮ್ಮೆ ಬಾಟಲಿ ಹಿಡಿದರೆ ಅಂಕಿತಾ ಮತ್ತೆ ನನ್ನ ಬಳಿ ಬರುವುದಿಲ್ಲ. ಮನೆ ತುಂಬ ಜನ ಇದ್ದಾರೆ, ಕೇಳೋಣವೆಂದರೆ ಯಾರೂ ಇಲ್ಲ.

ನಮ್ಮ ಬೀದಿಯ ಮಕ್ತುಮ್ ಸಾಬ್ ಟೆಂಪೋದಲ್ಲಿ ದಿನಾ ಸಂಜೆ ಹರಿಹರಕ್ಕೆ ಮಾಲು ಒಯ್ಯುತ್ತಾರೆ. ಈ ಕಾಗದ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಪ್ಪನಿಗೆ ನನ್ನ ನಮಸ್ಕಾರ. ಅವರಿಗೆ ಇದನ್ನು ಓದಿ ಹೇಳಬೇಡ.

ನಿನ್ನ
ವಾಣಿ

ಮರೆತೆ: ಪಕ್ಕದ ಮನೆ ಉಚ್ಚಂಗಮ್ಮನವರ ಫೋನಿಗೆ ಮಾಡು, ಕರೆಯುತ್ತಾರೆ. ಅತ್ತೆಗೆ ಬುದ್ಧಿ ಹೇಳಲಿಕ್ಕಲ್ಲ. ರಾತ್ರಿಯಿಂದ ನಾನೇ ಕುಡಿಸಿಲ್ಲ ಅವ್ವಾ. ಅವಳು ಸೆರಗು ತಡಕುತ್ತಾಳೆ, ನಾನು ಚಮಚದಲ್ಲಿ ಸಕ್ಕರೆನೀರು ಹಾಕುತ್ತೇನೆ. ಹಾಲು ಕಟ್ಟಿ ಎದೆ ಕಲ್ಲಾಗಿದೆ. ಬಟ್ಟಲಿಗೆ ಹಿಂಡಿ ರುಚಿ ನೋಡಿದೆ. ಸಿಹಿಯೇ ಇತ್ತು, ಆದರೂ ಧೈರ್ಯ ಬರಲಿಲ್ಲ. ಎಷ್ಟು ಹೊತ್ತಾದರೂ ಸರಿ, ಬೆಳಗಾಗುವುದರೊಳಗೆ ಫೋನ್ ಮಾಡು. ಕುಡಿಸು ಅಂತ ಒಂದು ಮಾತು ಅನ್ನು, ಸಾಕು.