ಪೂಜಿಗಿಟ್ಟ ಡಿಸ್ಕ್

೧ ಅಕ್ಟೋಬರ್ ೨೦೨೫, ಬುಧವಾರ
ದಸರಾದ ಖಂಡೇ ಪೂಜಿ, ಆಯುಧ ಪೂಜಿ. ಬನಹಟ್ಟ್ಯಾಗ ಮಗ್ಗೆಲ್ಲಾ ಬಂದ್. ನನಗಷ್ಟ ಸೂಟಿ ಇಲ್ಲ — ಸೀರಿ ಡಿಸೈನ್ ಎಲ್ಲಾ ನನ್ನ ಕಂಪ್ಯೂಟರದಾಗ, ಅದಕ್ಕೂ ಪೂಜಿ ಆಗಬೇಕಲ್ಲ. ವಾರದ ಬ್ಯಾಕಪ್ ಮುಗಿಸಿದೆ. ಡಿಸ್ಕ್ ತಗದು ತಿಜೋರ್ಯಾಗ ಇಡಬೇಕನ್ನೂದ್ರಾಗ ಸೋಮವ್ವಾಯಿ, ಸಾವಕಾರ್ರ ತಾಯಿ, ಅದಕ್ಕೂ ವಿಭೂತಿ ಹಚ್ಚಿ ಹೂ ಏರಿಸಿಬಿಟ್ಟಿದ್ರು. "ಪೂಜಿ ಆದದ್ದನ್ನ ಬನ್ನಿ ಮುಡಿಯೂತನಕ ಅಲುಗಾಡಸಬಾರದವಾ. ದೀಪಾನೂ ಆರಸಬ್ಯಾಡ." ದೀಪ ಅಂದ್ರ ಸ್ಕ್ರೀನು. ನಕ್ಕು ಹಂಗ ಬಿಟ್ಟು ಬಂದೆ.

೩ ಅಕ್ಟೋಬರ್, ಮುಂಜಾನೆ
ಸ್ಕ್ರೀನ್ ತುಂಬ ಕೆಂಪ ಅಕ್ಷರ. ಫೈಲ್ ಎಲ್ಲಾ ಲಾಕ್ ಮಾಡೇವಿ, ಬಿಟ್‌ಕಾಯಿನ್ ಕಳಸಿದ್ರ ಕೀಲಿ ಕೊಡ್ತೀವಿ ಅಂತ. ಡಿಸ್ಕ್ ನೋಡಿದೆ. ಕಂಪ್ಯೂಟರಿಗೆ ಹಚ್ಚೇ ಇತ್ತಲ್ಲ... ಅದೂ ಹೋಗೇತಿ. ಮ್ಯಾಲಿನ ಚೆಂಡು ಹೂ ಇನ್ನೂ ಬಾಡಿಲ್ಲ.
ಮಹಾಲಿಂಗಪ್ಪ ಸಾವಕಾರ್ರು ಕೇಳಿದ್ರು, "ಬಿಟ್‌ಕಾಯಿನ್ ಜಮಖಂಡಿ ಬ್ಯಾಂಕಿನ್ಯಾಗ ಸಿಗತೈತೇನವಾ?" ಖರೇನ ಕೇಳಿದ್ರು. ನಗು ಬರಲಿಲ್ಲ.

೪ ಅಕ್ಟೋಬರ್
ನಮೂನಿಗೆ ಒಂದ ಫೈಲ್ ಪುಕ್ಕಟ ಬಿಡಸ್ತಾರಂತ. ಕಳ್ಳರೂ ಸೀರಿ ಅಂಗಡಿಯವ್ರಂಗ ಸ್ಯಾಂಪಲ್ ತೋರಸ್ತಾರ. ದೀಪಾವಳಿ ಆರ್ಡರಿಂದು ಬಿಡಸ್ರಿ, ಮಗ್ಗ ಆದ್ರೂ ತಿರಗತಾವ ಅಂದೆ. ಸಾವಕಾರ್ರು ಕೇಳಲಿಲ್ಲ. ಅವರಪ್ಪ ಬರದಿಟ್ಟ ಅಂಚಿಂದು ಕಳಸಿದ್ರು. ಕಾಗದದ ನಕ್ಷೆ ಗೆದ್ದಲ ತಿಂದು ಎಷ್ಟೋ ವರ್ಷ ಆತು. "ನಾಳೆ ನಮ್ಮವ್ವ ಕೇಳಿದ್ರ ಏನ ತೋರಸ್ಲಿ?"
ಸಿಟ್ಟ ಬಂತು. ಅಂಚು ಸ್ಕ್ರೀನ್ ಮ್ಯಾಲೆ ಮೂಡಿದಾಗ ಅಳು ಬಂತು.

೬ ಅಕ್ಟೋಬರ್
ಬಾಗಲಕೋಟಿಂದ ಪೊಲೀಸ್ರು ಬಂದಿದ್ರು. ರೊಕ್ಕ ಕೊಡಬ್ಯಾಡ್ರಿ, ಕೊಟ್ರೂ ಕೀಲಿ ಬರ್ತೈತಿ ಅನ್ನೂ ಖಾತ್ರಿ ಇಲ್ಲ ಅಂದ್ರು. ಸಾವಕಾರ್ರು ಕೊಡಾಂಗಿಲ್ಲ. ಅಂದ್ರ ಉಳದ ಡಿಸೈನ್ ಎಲ್ಲಾ ಹೋದ್ವು. ನಂಬಾಕ ಆಗವಲ್ದು.
"ಬ್ಯಾಕಪ್ ಡಿಸ್ಕ್ ಹಚ್ಚೇ ಬಿಟ್ಟವ್ರು ಯಾರು?" ಪೊಲೀಸ್ರು ಕೇಳಿದ್ರು.
ನಾ ಬಾಯಿ ತಗಿಯೂದ್ರಾಗ ಸಾವಕಾರ್ರು, "ನಾನರೀ" ಅಂದ್ರು. ಪೊಲೀಸ್ರು ಹೋದ ಮ್ಯಾಲೆ ನನಗ ಅಷ್ಟ ಹೇಳಿದ್ರು, "ಅವ್ವನ ಕಿವಿಗೆ ಬೀಳಬಾರದು. ಜೀವಾ ಬಿಡ್ತಾಳ."

೮ ಅಕ್ಟೋಬರ್, ಬುಧವಾರ
ಬ್ಯಾಕಪ್ ದಿನ. ಮಾಡಾಕ ಏನೈತಿ? ಮಗ್ಗದ ಸಪ್ಪಳ ಇಲ್ದ ಆಫೀಸಿನ್ಯಾಗ ಕುಂತಿದ್ದೆ. ಸೋಮವ್ವಾಯಿ ಬಂದ್ರು. ಡಿಸ್ಕ್ ತಗೊಂಡು ಸೆರಗಿಲೆ ವಿಭೂತಿ ಒರಸಿದ್ರು. ಒರಸಿ ಒರಸಿ ಕೇಳಿದ್ರು, "ರಾಜಶ್ರೀ, ಖರೇ ಹೇಳು. ಅವತ್ತ ನೀ ಇದನ್ನ ತಿಜೋರ್ಯಾಗ ಇಟ್ಟಿದ್ರ ಉಳೀತಿತ್ತೇನವಾ?"
ಬಾಗಲದಾಗ ಸಾವಕಾರ್ರು ನಿಂತಿದ್ರು. ನನ್ನ ಮಾರೀನ ನೋಡಾಕತ್ತಿದ್ರು.
ನಾ ಅಂದೆ — ಆಯಿ, ತಿಜೋರ್ಯಾಗ ಇಟ್ಟಿದ್ರೂ ಉಳೀತಿದ್ದಿಲ್ಲರಿ.