ಮಲಯ್ ಸುಲಭ, ಸ್ವೀಡಿಷ್ ಕಷ್ಟ

ಕಾಮಸಮುದ್ರ
೧೧ ಅಕ್ಟೋಬರ್ ೧೯೮೧, ಭಾನುವಾರ

ಪ್ರೀತಿಯ ಕದಿರಪ್ಪ ಮಾವನಿಗೆ ಸುಗುಣಳ ನಮಸ್ಕಾರಗಳು.

ಮೊದಲಿಗೇ ಸಾರಿ ಕೇಳ್ತೀನಿ ಮಾವ. ತಾಂಬೂಲ ಬದಲಾಯಿಸಿದ ಮೇಲೆ ಹುಡುಗಿ ತಾನಾಗಿ ಗಂಡಿಗೆ ಕಾಗದ ಬರೆಯೋದು ನಮ್ಮಲ್ಲಿಲ್ಲ ಅಂತ ಗೊತ್ತು. ಅಮ್ಮನೇ, ಮಾವ ಕಳಿಸಿದ ಪುಸ್ತಕ ಬಂತು ಅಂತ ಒಂದು ಕಾಗದ ಆಕ್ಬಿಡೇ ಅಂದಳು, ಅದೇ ಧೈರ್ಯ. ಕನ್ನಡ ತಪ್ಪಿದ್ದರೆ ನಗಬೇಡಿ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಇಂಗ್ಲಿಷ್‌ನಲ್ಲಿ ಬೆಳೆದವಳು. ನೀವೇ ತಾನೇ ಟ್ರಂಕ್ ಹೊತ್ತು ನನ್ನನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಬಿಟ್ಟು ಬಂದದ್ದು. ಈಗ ಡಿಗ್ರಿ ಫಸ್ಟ್ ಇಯರ್, ಅದೇ ಹಾಸ್ಟೆಲ್, ಅದೇ ಟ್ರಂಕ್.

‘ನೀವು’ ಅಂತ ಬರೆಯೋಕೆ ಕೈ ಏಳ್ತಿಲ್ಲ. ಹಬ್ಬಕ್ಕೆ ಕ್ಯಾಸಂಬಳ್ಳಿಯಿಂದ ಬಂದಿದ್ದ ಮುತ್ಯಾಲಮ್ಮಜ್ಜಿ, ಕಟ್ಕೊಳ್ಳೋ ಗಂಡನ್ನ ನೀನು ತಾನು ಅಂತೀಯಲ್ಲೇ, ಕಾಲೇಜಿನಾಗೆ ಇದೇನಾ ಕಲ್ಸೋದು ಅಂತ ಬೈದಳು. ಅದಕ್ಕೇ ಈ ‘ನೀವು’.

ನೀವು ಕೆಲಸಕ್ಕಿರೋ ದೇಶದ ಮಾತು, ಮಲಯ್, ಎಷ್ಟು ಕಲಿತೆ ಅಂತ ಕೇಳಿದ್ದಿರಿ. ಆ್ಯಕ್ಚುಲಿ ಅದು ಸುಲಭ. ಅಂಗಡಿಗೆ ಕೆದೈ, ಹಡಗಿಗೆ ಕಪಲ್; ಮಾರ್ಕೆಟ್ಟಿನಲ್ಲಿ ತಮಿಳಿನವರು ಆಡೋ ಮಾತೇ. ಭಾಷೆಗೆ ಬಹಾಸ, ಗುರುವಿಗೆ ಗುರುನೇ. ಬುಕು ಅಂದರೆ ಪುಸ್ತಕ, ತುಂಬಾ ಇದ್ದರೆ ಬುಕು-ಬುಕು, ನಾವು ಮನೆಮನೆ ಅಂದ ಹಾಗೆ. ಕ್ರಿಯಾಪದಕ್ಕೆ ಕಾಲದ ಚಿಂತೆಯೇ ಇಲ್ಲ. ನಿನ್ನೆ ತಿಂದರೂ ಮಕಾನ್, ನಾಳೆ ತಿಂದರೂ ಮಕಾನ್. ತಿಂದಾಯ್ತು ಅನ್ನೋಕೆ ಮುಂದೊಂದು ‘ಸುದಾ’ ಇಟ್ಟರೆ ಮುಗೀತು. ಇದನ್ನ ಅಜ್ಜಿಗೆ ಹೇಳಿದರೆ, ಮಕಾನ್ ಅಂದ್ರೆ ಸಾಬರ ಮಾತಿನಾಗೆ ಮನೆ ಅಲ್ವೇನೇ, ಅಲ್ಲಿ ಮನೆ ತಿಂತಾರಾ, ನನ್ನ ಮಗ ಏನು ಉಣ್ತಾನೋ ಅಂತ ನಿಜವಾಗಿ ಗಾಬರಿಯಾದಳು.

ನಿಮಗೆ ಗೊತ್ತಿಲ್ಲದ ವಿಷಯ ಅಂದರೆ, ನಾನು ಸ್ವೀಡಿಷ್ ಕೂಡ ಕಲೀತಿದ್ದೀನಿ. ನಮ್ಮ ಹಾಸ್ಟೆಲ್‌ನ ಸ್ವೀಡನ್ ನರ್ಸ್ ಬಿರ್ಗಿಟ್ಟ ಸಿಸ್ಟರ್ ನೆನಪಿದ್ದಾರಾ, ನಿಮ್ಮ ಕೈಗೆ ಬ್ಯಾಂಡೇಜ್ ಕಟ್ಟಿದವರು? ಅವರ ಹತ್ತಿರ, ಸಂಜೆ ಹೊತ್ತು. ಕೇಳೋಕೆ ಹಾಡಿದ ಹಾಗೆ, ಏರಿ ಇಳಿಯುತ್ತೆ. ಕಲಿಯೋಕೆ ತಲೆನೋವು. ಪುಸ್ತಕಕ್ಕೆ ಬೂಕ್, ಮಲಯ್‌ಗೆ ಹತ್ತಿರವೇ. ಆದರೆ ತುಂಬಾ ಆದರೆ ಬೊಕ್ಕರ್, ಒಳಗಿನ ಸ್ವರವೇ ತಿರುಗಿಬಿಡುತ್ತೆ. ‘ಆ ಪುಸ್ತಕ’ ಅನ್ನೋಕೆ ಬೂಕೆನ್, ಬಾಲ ಕೊನೆಗೆ, ನಮ್ಮ ಪ್ರತ್ಯಯದ ಹಾಗೆ. ನಾಮಪದಗಳೆಲ್ಲ ಎರಡು ಜಾತಿ. ಯಾವುದು ಯಾವ ಜಾತಿ ಅಂತ ಬಾಯಿಪಾಠ ಮಾಡಬೇಕು, ರೂಲ್ ಕೇಳಿದರೆ ಸಿಸ್ಟರ್ ನಗ್ತಾರೆ. ಒಂದು ಮಾತ್ರ ಇಷ್ಟ ಆಯ್ತು. ಅಲ್ಲಿ ಡಾಕ್ಟರಿಗೂ ಕಸ ಗುಡಿಸೋರಿಗೂ ಒಂದೇ ಮಾತು, ‘ದ್ಯೂ’. ನೀನು.

ಇನ್ನೊಂದೂ ಇದೆ. ಇಂಗ್ಲಿಷ್‌ನಲ್ಲಿ ಎಲ್ಲರೂ ಅಂಕಲ್. ಮಲಯ್‌ನಲ್ಲೂ ಹಿರಿಯ ಗಂಡಸರೆಲ್ಲ ಪಾಕ್‌ಚಿಕ್. ಸ್ವೀಡಿಷ್‌ನಲ್ಲಿ ನಮ್ಮ ಹಾಗೆ ಅಪ್ಪನ ಕಡೆ ಬೇರೆ, ಅಮ್ಮನ ಕಡೆ ಬೇರೆ. ಸೋದರಮಾವನಿಗೆ ಮುರ್‌ಬ್ರೂರ್, ಅಮ್ಮನ ಒಡಹುಟ್ಟಿದವನು. ಒಬ್ಬಳೇ ಇದ್ದಾಗ ನಿಮ್ಮನ್ನ ಹಾಗೆ ಕರೆದು ನೋಡಿದೆ, ಸಮಾಧಾನ ಆಯ್ತು. ನೀವು ಕಳಿಸಿದ ಪುಸ್ತಕದಲ್ಲಿ ಗಂಡ ಅನ್ನೋದಕ್ಕೆ ಸುವಾಮಿ ಅಂತಿದೆ. ಆ ಪುಟ ಬಂದಾಗ ಮುಚ್ಚಿಟ್ಟವಳು ಮತ್ತೆ ತೆರೆದಿಲ್ಲ.

ಇನ್ನು ‘ನೀನು’ ಅಂತಲೇ ಬರೀತೀನಿ, ಬೇಕಾದರೆ ಬೈದುಕೋ.

ಮಾವ, ನಿನ್ನನ್ನ ಮದುವೆ ಆಗೋಕೆ ನನ್ನಿಂದ ಆಗಲ್ಲ. ನಿನ್ನಲ್ಲಿ ಏನೂ ಕೊರತೆ ಇಲ್ಲ. ಆದರೆ ಕೆರೆಕಟ್ಟೆ ಉದ್ದಕ್ಕೂ ಸೈಕಲ್ ಸೀಟು ಹಿಡಿದು ನನ್ನ ಹಿಂದೆ ಓಡಿದವನು ನೀನು. ನನ್ನ ತಲೇಲಿ ಹೇನಾದಾಗ ಸೀಮೆಎಣ್ಣೆ ಹಚ್ಚಿ, ಕುರಿ ಮಂದೆ ಸಾಕಿದೀಯಲ್ಲೇ ಅಂತ ರೇಗಿಸಿದವನು. ಅವನನ್ನೇ ಗಂಡ ಅಂತ ನೆನೆಸಿಕೊಂಡರೆ ಅಸಹ್ಯ ಆಗುತ್ತೆ. ಬರೆದುಬಿಟ್ಟೆ. ಗೀಟು ಹೊಡೆದು ಅಳಿಸಲ್ಲ.

ಸಿಸ್ಟರ್ ಏಪ್ರಿಲ್‌ನಲ್ಲಿ ಸ್ವೀಡನ್‌ಗೆ ವಾಪಸ್ ಹೋಗ್ತಾರೆ. ಅವರ ಊರಿನ ನರ್ಸಿಂಗ್ ಸ್ಕೂಲಿಗೆ ಇಬ್ಬರು ಹುಡುಗಿಯರನ್ನ ಕರ್ಕೊಂಡು ಹೋಗ್ತಾರೆ, ಒಬ್ಬಳು ನಾನು. ಡಿಸೆಂಬರ್ ಒಳಗೆ ಹೂಂ ಅನ್ನಬೇಕು. ಇಲ್ಲಿ ಅಮ್ಮ ನೀನು ಸಂಕ್ರಾಂತಿಗೆ ರಜ ಹಾಕಿ ಬಂದ ಮೇಲೆ ಮಾಘದಲ್ಲಿ ಲಗ್ನ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ.

ನಾನು ಬೇಡ ಅಂದರೆ ಅಮ್ಮ ಇನ್ನು ತವರಿನ ಹೊಸಿಲು ತುಳಿಯೋ ಹಾಗಿಲ್ಲ. ಅಜ್ಜಿ ಸಾಯೋತನಕ ಮಗಳ ಜೊತೆ ಮಾತಾಡಲ್ಲ. ನೀನು ಬೇಡ ಅಂದರೆ ಎರಡು ಮನೆಯವರೂ ನಿನ್ನನ್ನ ಬೈದು, ಅತ್ತು, ಮತ್ತೆ ಒಂದಾಗ್ತಾರೆ. ಅಲ್ಲಿ ಯಾವಳ್ನೋ ಕಟ್ಕೊಂಡವ್ನೆ ಅಂತ ಊರು ಆಡಿಕೊಳ್ಳುತ್ತೆ. ಗೊತ್ತಿದ್ದೂ ನಿನ್ನ ತಲೆ ಮೇಲೆ ಹಾಕ್ತಿದ್ದೀನಿ. ನಿನಗೇನಾದರೂ ನನ್ನ ಮೇಲೆ ಆಸೆ ಇದ್ದರೆ? ಅದನ್ನ ಯೋಚಿಸಿದರೆ ಕ್ಲಾಸಿನಲ್ಲಿ ಬೋರ್ಡ್ ಕೂಡ ಕಾಣಿಸಲ್ಲ.

ಮಲಯ್‌ನವರು ಮದುವೆ ಆಯ್ತಾ ಅಂತ ಕೇಳಿದರೆ ಇಲ್ಲ ಅನ್ನಲ್ಲವಂತೆ. ‘ಬೆಲುಮ್’ ಅಂತಾರಂತೆ, ಇನ್ನೂ ಇಲ್ಲ ಅಂತ. ಆರು ತಿಂಗಳಿಂದ ನಾನೂ ಇವರಿಗೆಲ್ಲ ಅದನ್ನೇ ಹೇಳ್ತಾ ಬಂದೆ, ಎಕ್ಸಾಮ್ ಮುಗೀಲಿ, ರಿಸಲ್ಟ್ ಬರಲಿ ಅಂತ. ಸ್ವೀಡಿಷ್‌ನಲ್ಲಿ ‘ನೇಯ್’ ಅಂದರೆ ಮುಗೀತು, ಇಲ್ಲ ಅಂದರೆ ಇಲ್ಲ. ಸಿಸ್ಟರ್ ಎಷ್ಟು ಸಲ ಹೇಳಿಕೊಟ್ಟರೂ ಅದೊಂದು ನನ್ನ ಬಾಯಿಗೆ ಗಟ್ಟಿಯಾಗಿ ಬರ್ತಿಲ್ಲ.

ನನ್ನ ಪರವಾಗಿ ನೀನು ಹೇಳ್ತೀಯಾ ಮಾವ? ಆಗಲ್ಲ ಅಂದರೂ ಸರಿ, ಪ್ಲೀಸ್, ಬೇಗ ಉತ್ತರ ಬರಿ.

ಇಂತಿ
ನಿನ್ನ ಅಕ್ಕನ ಮಗಳು
ಸುಗುಣ

ಮರೆತ ಮಾತು: ಅಮ್ಮ ಪಕ್ಕದಲ್ಲೇ ಕಡ್ಲೆಕಾಯಿ ಬಿಡಿಸ್ತಾ ಕೂತಿದ್ದಾಳೆ. ಅವಳಿಗೆ ಓದೋಕೆ ಬರಲ್ಲ, ನಿನಗೆ ಗೊತ್ತಲ್ಲ. ಇಷ್ಟುದ್ದ ಏನೇ ಬರ್ದೆ, ಓದು ಅಂದಳು. ಮಲಯ್ ಭಾಗ ಮಾತ್ರ ಓದಿದೆ. ಹೀಗೆ ಕೇಳ್ತಾಳೆ ಅಂತ ಗೊತ್ತಿತ್ತು, ಭಾಷೆಯ ವಿಷಯ ಅಷ್ಟೊಂದು ಬರೆದದ್ದು ಅದಕ್ಕೇ. ಬುಕು-ಬುಕು ಅಂದಾಗ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ನನ್ನ ತಮ್ಮಂಗೆ ಎಷ್ಟು ಕುಸಿ ಆಯ್ತದೋ ಅಂತ ಎದ್ದು ಹೋಗಿ, ಶುಭದ ಕಾಗದ ಅಂತ ಲಕೋಟೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ತಂದಿದ್ದಾಳೆ. ಬೇಡ ಅಂತ ಅವಳನ್ನ ತಡೆಯೋಕೆ ನನ್ನಿಂದ ಆಗಲಿಲ್ಲ. ಅದನ್ನ ನೋಡಿ, ಒಡೆಯೋ ಮೊದಲು ನೀನು ಖುಷಿಪಟ್ಟಿದ್ದರೆ ನನ್ನನ್ನ ಕ್ಷಮಿಸು. ಉತ್ತರ ಮನೆಗೆ ಬೇಡ, ಹಾಸ್ಟೆಲ್ ವಿಳಾಸಕ್ಕೆ ಹಾಕು.